ಗೋಡೆಯಾಚೆ ಹೋದ ಬಟ್ಟಲು

ನಮ್ಮವ್ವ ಅಂತರಘಟ್ಟಮ್ಮನ ಅಡುಗೆಮನೆಯಲ್ಲಿ ಒಂದು ಪಾತ್ರೆ ಇದೆ. ಅದರಲ್ಲಿ ಇವತ್ತಿನವರೆಗೆ ಮೊಟ್ಟೆ ಬೆಂದಿಲ್ಲ, ಮೀನು ಬೆಂದಿಲ್ಲ, ಕೋಳಿಯಂತೂ ಅದರ ಹತ್ತಿರ ಸುಳಿದಿಲ್ಲ. ಅದಕ್ಕೆ ಬೇರೆ ಸೌಟು, ಬೇರೆ ಮುಚ್ಚಳ, ಮೇಲಿನ ಹಲಗೆಯಲ್ಲಿ ಬೇರೆ ಜಾಗ. ನಾವು ಸೂಳೆಕೆರೆ ಮೀನಿನ ಸಾರು ಉಂಡು ಬೆಳೆದ ಜನ. ಭಾನುವಾರ ಮಸಾಲೆ ಅರೆಯುವ ಸದ್ದು ಕೇಳದಿದ್ದರೆ ನಮ್ಮಪ್ಪನಿಗೆ ಅದು ಭಾನುವಾರವೇ ಅಲ್ಲ. ಅಂಥ ಮನೆಯಲ್ಲಿ ಈ ಪಾತ್ರೆಗೆ ಮಾತ್ರ ಇಷ್ಟು ಮಡಿ ಯಾಕೆ ಅಂತ ಕೇಳಿದರೆ ಅವ್ವ ಬಾಯಿ ಬಿಡುವುದಿಲ್ಲ. ಆದರೂ ನಮಗೆಲ್ಲ ಗೊತ್ತು. ಪಕ್ಕದ ಮನೆಯ ಸರ್ವಮಂಗಳಮ್ಮ ಯಾವತ್ತಾದರೂ ಒಂದು ದಿನ ನಮ್ಮ ಮನೆಯಲ್ಲಿ ಬೇಯಿಸಿದ್ದನ್ನು ತಿಂದಾರು ಅಂತ. ಒಂಬತ್ತು ವರ್ಷದಿಂದ ಅವ್ವ ಅದಕ್ಕೇ ಕಾಯುತ್ತಿದ್ದಳು.

ನಾನು ಅವಳ ಎರಡನೇ ಮಗಳು ಅರ್ಪಿತಾ. ಅಕ್ಕ ಮದುವೆಯಾಗಿ ಹೊನ್ನಾಳಿ ಸೇರಿದಳು. ನಾನು ಚನ್ನಗಿರಿಯಿಂದ ದಿನಾ ಬಸ್ಸಿನಲ್ಲಿ ಕತ್ತಲಗೆರೆಗೆ ಹೋಗಿ ಶಾಲೆಯಲ್ಲಿ ಪಾಠ ಮಾಡುತ್ತೇನೆ. ನನಗೆ ಮೂಗಿನ ಮೇಲೇ ಸಿಟ್ಟು ಅಂತ ಮನೆಯವರೆಲ್ಲ ಹೇಳುತ್ತಾರೆ. ಇರಬಹುದು. ಆ ಪಾತ್ರೆ ಕಂಡರಂತೂ ನನಗೆ ಮೈಯೆಲ್ಲ ಉರಿಯುತ್ತಿತ್ತು. ಯಾರೂ ಕೇಳಿರಲಿಲ್ಲ, ಯಾರೂ ಬರುತ್ತೇನೆ ಅಂದಿರಲಿಲ್ಲ. ಇವಳು ಮಾತ್ರ ತಿಕ್ಕಿ ತೊಳೆದು ಬೋರಲು ಹಾಕಿಟ್ಟು ಕಾಯುವುದು ಯಾವ ಸುಖಕ್ಕೆ?

ಅವ್ವ ಹುಟ್ಟಿದ್ದು ಸೂಳೆಕೆರೆ ದಡದ ಒಂದು ಹಳ್ಳಿಯ ಕೇರಿಯಲ್ಲಿ. ಅಲ್ಲಿ ಒಂದು ಮನೆಯ ಸಾರು ಒಂದೇ ಮನೆಯಲ್ಲಿ ಮುಗಿಯುತ್ತಿರಲಿಲ್ಲವಂತೆ. ಮಧ್ಯಾಹ್ನದ ಹೊತ್ತಿಗೆ ಬಟ್ಟಲುಗಳು ಆ ಮನೆಯಿಂದ ಈ ಮನೆಗೆ, ಈ ಮನೆಯಿಂದ ಆ ಮನೆಗೆ ಓಡಾಡುತ್ತಿದ್ದವು. ಅದಕ್ಕೆ ಒಂದು ಕಟ್ಟಳೆ ಇತ್ತು. ತುಂಬಿ ಬಂದ ಬಟ್ಟಲನ್ನು ಬರಿದು ಮಾಡಿ ವಾಪಸ್ ಕೊಡಬಾರದು. ಏನೂ ಇಲ್ಲದಿದ್ದರೆ ಒಂದು ಚೂರು ಬೆಲ್ಲ, ಎರಡು ಹಸಿಮೆಣಸಿನಕಾಯಿ, ಅದೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆ ಹಾಕಿಯಾದರೂ ಕೊಡಬೇಕು. ಬರಿದಾದ ಬಟ್ಟಲು ಕೊಟ್ಟರೆ ನಿಮ್ಮ ನಮ್ಮ ನಡುವೆ ಇಲ್ಲಿಗೆ ಮುಗಿಯಿತು ಅಂತ ಅರ್ಥ. ಅವ್ವನ ಲೆಕ್ಕದಲ್ಲಿ ಇವತ್ತಿಗೂ ನೆರೆಹೊರೆ ಅಂದರೆ ಇಷ್ಟೇ: ಒಂದು ಬಟ್ಟಲು ತುಂಬಿ ಹೋಗಬೇಕು, ಏನಾದರೂ ಹೊತ್ತು ವಾಪಸ್ ಬರಬೇಕು.

ಅಪ್ಪ ಚಿಕ್ಕಹನುಮಂತಪ್ಪ ಕರೆಂಟಿನ ಲೈನ್‌ಮ್ಯಾನ್. ಮದುವೆಯಾದ ಮೇಲೆ ಅವನ ವರ್ಗಾವಣೆಯ ಹಿಂದೆ ಅವ್ವನೂ ಊರೂರು ಸುತ್ತಿದಳು. ಜಗಳೂರಿನಲ್ಲಿ ಆರು ವರ್ಷ ಇದ್ದರು. ಅಲ್ಲಿ ಕುಡಿಯುವ ನೀರಿಗೇ ಪರದಾಟ, ಇನ್ನು ಗಿಡಕ್ಕೆ ಎಲ್ಲಿಂದ ತರುವುದು? ಆಗ ಪಕ್ಕದ ಮನೆಯ ದುರುಗಕ್ಕ ಅನ್ನುವವಳು ಒಂದು ಹಿಡಿ ಪುಂಡಿ ಬೀಜ ಕೊಟ್ಟು, “ಇದಕ್ಕೆ ಪಾತ್ರೆ ತೊಳೆದ ನೀರು ಸಾಕು ಕಣವ್ವ” ಅಂದಳಂತೆ. ಆ ಹುಳಿ ಸೊಪ್ಪು ಅವತ್ತಿನಿಂದ ಅವ್ವನ ಜೊತೆಗೇ ಬಂತು. ನ್ಯಾಮತಿ, ಹೊನ್ನಾಳಿ, ಎಲ್ಲಿಗೆ ಹೋದರೂ ಸಾಮಾನಿನ ಗಂಟಿನಲ್ಲಿ ಬೂದಿ ಬೆರೆಸಿದ ಬೀಜದ ಪೊಟ್ಟಣ ಒಂದು ಇದ್ದೇ ಇರುತ್ತಿತ್ತು. ಬಾಡಿಗೆ ಮನೆ ಹುಡುಕುವಾಗ ಬಾಡಿಗೆ ಎಷ್ಟು ಅಂತ ನಾವು ಕೇಳುವ ಮೊದಲು ನೀವು ಯಾವ ಜನ ಅಂತ ಅವರು ಕೇಳುತ್ತಿದ್ದರು. ಅಪ್ಪ ಮುಚ್ಚುಮರೆ ಇಲ್ಲದೆ ಹೇಳುತ್ತಿದ್ದ. ಹೇಳಿದ ಕೂಡಲೇ ಆ ಮನೆ ಬೇರೆ ಯಾರಿಗೋ ಆಗಲೇ ಮಾತಾಗಿರುತ್ತಿತ್ತು.

ಅದಕ್ಕೇ ಅಪ್ಪ ಹಟ ಹಿಡಿದು ಚನ್ನಗಿರಿಯ ಹೊಸ ಬಡಾವಣೆಯಲ್ಲಿ ಸೈಟು ತೆಗೆದು ಮನೆ ಕಟ್ಟಿಸಿದ. ಹಜಾರದಲ್ಲಿ ಬುದ್ಧನ ಫೋಟೊ, ಬಾಬಾಸಾಹೇಬರ ಫೋಟೊ. ಹಿಂದೆ ಹನ್ನೆರಡು ಅಡಿ ಅಗಲದ ಹಿತ್ತಲು. ಆ ಹಿತ್ತಲು ನೋಡಿ ಅವ್ವ ಅತ್ತಳು. ಗೃಹಪ್ರವೇಶಕ್ಕೂ ಅತ್ತಿರಲಿಲ್ಲ.

ನಮ್ಮ ಮನೆಯ ಆಡಳಿತ ಪೂರ್ತಿ ನಡೆಯುವುದು ಆ ಹಿತ್ತಲಿನಿಂದಲೇ. ಇವತ್ತು ಏನು ಸಾರು ಅಂತ ಕೇಳಿದರೆ ಅವ್ವ ಒಲೆ ಕಡೆ ನೋಡುವುದಿಲ್ಲ, ಹಿತ್ತಲ ಕಡೆ ನೋಡುತ್ತಾಳೆ. ನಲ್ಲಿ ನೀರು ಬರುವುದು ದಿನ ಬಿಟ್ಟು ದಿನ. ಅಕ್ಕಿ ತೊಳೆದ ನೀರು ಬದನೆಗೆ, ಬಟ್ಟೆ ಜಾಲಿಸಿದ ನೀರು ಬಾಳೆಗೆ, ಪಾತ್ರೆ ತೊಳೆದದ್ದು ಪುಂಡಿಗೆ. ಸ್ನಾನದ ನೀರಿಗೆ ಅಪ್ಪನ ಕೈಯಲ್ಲಿ ಕಾಲುವೆ ತೋಡಿಸಿ ಹೀರೆ ಚಪ್ಪರದ ಬುಡಕ್ಕೆ ತಿರುಗಿಸಿದ್ದಾಳೆ. ನಾನು ಸೋಪು ಜಾಸ್ತಿ ಹಚ್ಚಿಕೊಂಡರೆ ಹೊರಗಿನಿಂದಲೇ ಕೂಗುತ್ತಾಳೆ, “ಎಷ್ಟು ತಿಕ್ಕಿದ್ರೂ ಅಷ್ಟೇ ಬಿಡೇ, ನನ್ನ ಹೀರೆ ಸಾಯ್ತೈತೆ!” ಅವರೆಗೆ ಹೇನು ಹತ್ತಿದರೆ ಬೆಳಿಗ್ಗೆ ಇಬ್ಬನಿ ಆರುವ ಮೊದಲು ಬೂದಿ ಎರಚಬೇಕು. ಕುಡಿಯಲು ಆಗದಷ್ಟು ಹುಳಿಯಾದ ಮಜ್ಜಿಗೆ ಮೆಣಸಿನ ಗಿಡಕ್ಕೆ. ನಮ್ಮ ಮನೆಯಲ್ಲಿ ಚೆಲ್ಲಿಹೋಗುವ ನೀರು ಅಂತ ಒಂದಿಲ್ಲ.

ಹಿತ್ತಲಿನ ಒಂದು ಬದಿಗೆ ಎದೆಮಟ್ಟದ ಕಾಂಪೌಂಡು ಗೋಡೆ. ಗೋಡೆಯಾಚೆ ಸರ್ವಮಂಗಳಮ್ಮನ ಹಿತ್ತಲು. ಅವರ ಗಂಡ ಕೊಟ್ರಬಸಪ್ಪ ಅಡಿಕೆ ವ್ಯಾಪಾರ ಮಾಡುತ್ತಾರೆ. ಹಣೆ ತುಂಬ ವಿಭೂತಿ, ಮಾತು ಕಡಿಮೆ. ಆಕೆಗೆ ಮಾತು ಜಾಸ್ತಿ, ಅದರಲ್ಲೂ ಅವ್ವನ ಜೊತೆ. ಹೀರೆಕಾಯಿ, ಬದನೆ, ಬಸಳೆ, ಅವರೆ, ಅವ್ವ ಏನು ಕೊಯ್ದರೂ ಮೊದಲ ಪಾಲು ಗೋಡೆ ಮೇಲೆ ಇಡುತ್ತಾಳೆ. ಆಕೆ ಅದನ್ನು ಎತ್ತಿಕೊಂಡು ಆ ಜಾಗದಲ್ಲಿ ನಿಂಬೆಹಣ್ಣೋ ಕರಿಬೇವೋ ಒಂದು ಮೊಳ ಮಲ್ಲಿಗೆಯೋ ಇಡುತ್ತಾರೆ. ಸುಳ್ಳು ಯಾಕೆ ಹೇಳಲಿ, ಆಕೆಗೆ ಅವ್ವನ ಮೇಲೆ ಪ್ರೀತಿ ಇದೆ. ಅವ್ವನಿಗೆ ಜ್ವರ ಬಂದಾಗ ದಿನಕ್ಕೆ ನಾಲ್ಕು ಸಲ ಗೋಡೆ ಹತ್ತಿರ ಬಂದು ಕೂಗಿ ವಿಚಾರಿಸಿದ್ದರು. ಆದರೆ ಗೋಡೆ ದಾಟಿ ಹೋಗುತ್ತಿದ್ದದ್ದು ಹಸಿಯದು ಮಾತ್ರ. ನಮ್ಮ ಒಲೆಯ ಮೇಲೆ ಬೆಂದದ್ದು ಒಂದು ಅಗುಳೂ ಆಚೆಗೆ ಹೋಗಿರಲಿಲ್ಲ. ಮೊದಲ ವರ್ಷ ಅವ್ವ ಒಂದು ಸಲ ಬದನೆಕಾಯಿ ಪಲ್ಯ ಹಿಡಿದು ನಿಂತಿದ್ದಳು. “ಅಯ್ಯೋ, ಇವತ್ತು ಸೋಮವಾರ ಅಲ್ಲೇನು, ಒಪ್ಪತ್ತು ನಂದು” ಅಂದರು. ಆಮೇಲೆ ಅವ್ವ ಕೇಳಲಿಲ್ಲ. ಪಾತ್ರೆ ಬೇರೆ ಮಾಡಿಟ್ಟಳು, ಅಷ್ಟೇ.

ಅವರ ಮನೆಯಿಂದ ನಮಗೆ ಹಬ್ಬದ ಹೋಳಿಗೆ ಬರುತ್ತಿತ್ತು. ಅದು ಬರುತ್ತಿದ್ದದ್ದು ಪೇಪರ್ ತಟ್ಟೆಯಲ್ಲಿ. ಪಾತ್ರೆಯಲ್ಲಿ ಕೊಟ್ಟರೆ ಆ ಪಾತ್ರೆ ವಾಪಸ್ ಹೋಗಬೇಕಲ್ಲ, ಹೋಗುವಾಗ ಅದರಲ್ಲಿ ನಾವು ಏನಾದರೂ ಹಾಕಬೇಕಲ್ಲ. ಪೇಪರ್ ತಟ್ಟೆಯಾದರೆ ಆ ತಾಪತ್ರಯವೇ ಇಲ್ಲ. ಇದನ್ನು ನಾನು ಬಿಡಿಸಿ ಹೇಳಿದಾಗ ಅವ್ವ, “ಒಳ್ಳೇದೇ ಆಯ್ತು, ನನಗೆ ತೊಳೆಯೋ ಕೆಲಸ ತಪ್ತು” ಅಂದಳು. ಅಂದವಳು ಹೋಳಿಗೆಯನ್ನು ನಮಗೆಲ್ಲ ಹಂಚಿ, ತಾನು ತಿನ್ನಲಿಲ್ಲ.

ಕಳೆದ ಶ್ರಾವಣದಲ್ಲಿ ಒಂದು ಭಾನುವಾರ. ಸರ್ವಮಂಗಳಮ್ಮನ ಮಗ ಕೊಟ್ರೇಶನ ಹೆಂಡತಿ ಸಂಧ್ಯಾರಾಣಿಗೆ ಆಗ ಆರು ತಿಂಗಳು. ನ್ಯಾಮತಿ ಕಡೆಯ ಹುಡುಗಿ, ಬಂದಾಗಿನಿಂದ ಅವ್ವನನ್ನು ಆಂಟಿ ಅನ್ನುತ್ತಿದ್ದಳು. ಬಸುರಿಗೆ ಏನು ತಿಂದರೂ ವಾಂತಿ, ಮುಖ ಬಿಳಿಚಿಕೊಂಡಿತ್ತು. ಅವತ್ತು ಅವ್ವ ಆ ಮಡಿ ಪಾತ್ರೆಯಲ್ಲಿ ಪುಂಡಿಪಲ್ಯ ಮಾಡಿ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು ಹಿತ್ತಲಿಗೆ ಬಂದಿದ್ದಳು. ಗೋಡೆಯಾಚೆ ಸಂಧ್ಯಾರಾಣಿ ನಿಂತಿದ್ದಳು.

“ಏನ್ ಮಾಡಿದ್ರಿ ಆಂಟಿ? ವಾಸನೆ ಇಲ್ಲಿಗಂಟ ಬರ್ತೈತೆ.”

“ಪುಂಡಿಪಲ್ಯ ತಾಯಿ.”

“ನಮ್ಮಜ್ಜಿ ಮಾಡೋರು. ನನಗೆ ಒಂದು ತುತ್ತು ಕೊಡ್ತೀರಾ?”

ಅವ್ವನ ಕೈ ಸೆರಗಿನಲ್ಲೇ ನಿಂತುಬಿಟ್ಟಿತು. “ಸೊಪ್ಪು ಕೊಯ್ದು ಕೊಡ್ತೀನಿ. ನಿಮ್ಮತ್ತೇರ ಕೈಲಿ ಮಾಡಿಸ್ಕೊಂಡು ತಿನ್ನು.”

“ಮಾಡಿದ್ದೇ ಬೇಕು ಆಂಟಿ, ಈಗ್ಲೇ ಬೇಕು. ಮೂರು ದಿನದಿಂದ ಹೊಟ್ಟೇಲಿ ನೀರೂ ನಿಂತಿಲ್ಲ.”

“ಅತ್ತೇರಿಗೆ ಗೊತ್ತಾದ್ರೆ ಹೆಂಗೆ?”

“ಅವರು ಪೂಜೆಗೆ ಕುಂತಾರೆ.”

ನಾನು ಬಟ್ಟೆ ಒಣಗಹಾಕುತ್ತಿದ್ದೆ. ತಡೆಯಲಾಗಲಿಲ್ಲ. “ಕೊಡವ್ವ. ಬಸುರಿ ಬಯಕೆ ತೀರಿಸದಿದ್ರೆ ಕೂಸಿನ ಕಿವಿ ಸೋರ್ತೈತೆ ಅಂತ ನೀನೇ ಹೇಳ್ತಿರ್ತೀಯ” ಅಂದೆ. ನನಗೆ ಅದರಲ್ಲಿ ನಂಬಿಕೆ ಇಲ್ಲ. ಅವ್ವನಿಗೆ ಇದೆ.

ಅವ್ವ ಒಳಗೆ ಓಡಿದಳು. ಮನೆಯಲ್ಲಿ ಇಪ್ಪತ್ತು ಬಟ್ಟಲಿದ್ದವು. ಅವಳು ತುಂಬಿ ತಂದದ್ದು ಅವಳ ತವರಿನವರು ಮದುವೆಯಲ್ಲಿ ಕೊಟ್ಟ ಸ್ಟೀಲ್ ಬಟ್ಟಲಲ್ಲಿ. ಅದರ ಅಂಚಿನ ಕೆಳಗೆ ಚುಕ್ಕಿ ಚುಕ್ಕಿಯಾಗಿ ‘ಅಂತರಘಟ್ಟಮ್ಮ’ ಅಂತ ಹೆಸರು ಕೊರೆಸಿದೆ. ಆಮೇಲೆ ನಾನು ಕೇಳಿದರೆ, “ಅವಸರದಾಗೆ ಕೈಗೆ ಸಿಕ್ಕಿದ್ದು” ಅಂದಳು. ಶುದ್ಧ ಸುಳ್ಳು. ಆ ಬಟ್ಟಲು ಇರುತ್ತಿದ್ದದ್ದು ಎಲ್ಲಕ್ಕಿಂತ ಹಿಂದೆ.

ಸಂಧ್ಯಾರಾಣಿ ಗೋಡೆಗೆ ಒರಗಿ ನಿಂತು ತಿಂದಳು. ಅವ್ವ ಅವಳ ಬಾಯನ್ನೇ ನೋಡುತ್ತಿದ್ದಳು. ಅರ್ಧ ಆಗಿತ್ತೋ ಇಲ್ಲವೋ, ಒಳಗಿನಿಂದ “ಸಂಧ್ಯಾ” ಅಂತ ಅತ್ತೆಯ ಕೂಗು ಬಂತು. ಹುಡುಗಿ ಗಾಬರಿಯಾಗಿ ಬಟ್ಟಲನ್ನು ಗೋಡೆ ಮೇಲೆ ಇಡುವುದು ಬಿಟ್ಟು, ಸೆರಗಿನಲ್ಲಿ ಮುಚ್ಚಿಕೊಂಡು ಒಳಗೇ ಹೋಗಿಬಿಟ್ಟಳು.

ಅವತ್ತು ಅವ್ವ ಮೂರು ಸಲ ಹಿತ್ತಲು ಗುಡಿಸಿದಳು. ಬಟ್ಟಲು ಬರಲಿಲ್ಲ. ಮಾರನೇ ದಿನವೂ ಬರಲಿಲ್ಲ. ಅವ್ವ ಎಂದಿನಂತೆ ಗೋಡೆ ಮೇಲೆ ಹೀರೆಕಾಯಿ ಇಟ್ಟಳು, ಅದೂ ಎರಡು ದಿನ ಅಲ್ಲೇ ಬಾಡಿತು. ಸರ್ವಮಂಗಳಮ್ಮ ಗೋಡೆ ಹತ್ತಿರ ಸುಳಿಯಲಿಲ್ಲ. ವಾರದ ಮೇಲೆ ಬಂದರು, ತರಕಾರಿ ಎತ್ತಿಕೊಂಡರು, “ಚೆನ್ನಾಗೈತೆ” ಅಂದರು, ಹೋದರು. ಅವ್ವನ ಮುಖ ನೋಡಲಿಲ್ಲ. ಸಂಧ್ಯಾರಾಣಿಯನ್ನು ಹೊರಗೆ ಒಬ್ಬಳೇ ಬಿಡುತ್ತಿರಲಿಲ್ಲ. ಏಳನೇ ತಿಂಗಳಿಗೆ ಸೀಮಂತದ ಕುಬಸ ಮಾಡಿದರು. ಅಲ್ಲಿಂದಲೇ ಅವಳನ್ನು ಬಾಣಂತನಕ್ಕೆ ನ್ಯಾಮತಿಗೆ ಕರೆದುಕೊಂಡು ಹೋದರು.

“ಸಿಕ್ಕಿಬಿದ್ದಳು ಕಣೆ ಹುಡುಗಿ. ನನ್ನಿಂದ ಆಯ್ತು” ಅಂತ ಅವ್ವ ಕೊರಗಿದಳು.

“ಹಂಗಾದ್ರೆ ಗೋಡೆ ಹತ್ರ ನಿಂತು ಬಟ್ಟಲು ಎಲ್ಲಿ ಅಂತ ಕೇಳು. ಇಲ್ಲಾಂದ್ರೆ ನಾನು ಕೇಳ್ತೀನಿ.”

“ನೀನು ಸುಮ್ನಿರು. ಬಟ್ಟಲು ಯಾರಿಗೆ ಬೇಕಾಗೈತೆ?”

“ಮತ್ತೆ ಇನ್ನೇನು ಬೇಕಾಗೈತೆ ನಿನಗೆ?”

ಅವ್ವ ಪೊರಕೆ ಎತ್ತಿಕೊಂಡು ಹಿತ್ತಲಿಗೆ ಹೋದಳು. ಅವಳಿಗೆ ಬೇಕಾಗಿದ್ದದ್ದು ನನಗೂ ಗೊತ್ತಿತ್ತು. ಒಂದು ಚಿಟಿಕೆ ಸಕ್ಕರೆ. ಅದನ್ನು ಅಂಗಡಿಯಿಂದ ತಂದುಕೊಡಲು ಆಗುವುದಿಲ್ಲ ಅನ್ನುವುದೇ ನನ್ನ ಸಿಟ್ಟು.

ಆ ದೀಪಾವಳಿಗೆ ಪೇಪರ್ ತಟ್ಟೆಯ ಹೋಳಿಗೆಯೂ ಬರಲಿಲ್ಲ. ಸಂಧ್ಯಾರಾಣಿಗೆ ಹೆಣ್ಣು ಕೂಸಾದ ಸುದ್ದಿ ನಮಗೆ ತಿಳಿದದ್ದು ಹಾಲಿನವನಿಂದ. ಅವ್ವ ಬೆಳಿಗ್ಗೆ ಎದ್ದು ಹಿತ್ತಲ ಬಾಗಿಲು ತೆಗೆದರೆ ಮೊದಲು ನೋಡುತ್ತಿದ್ದದ್ದು ಗಿಡಗಳನ್ನಲ್ಲ, ಗೋಡೆಯ ಮೇಲ್ಭಾಗವನ್ನು. ಆ ಸಲ ಹೀರೆಕಾಯಿಗಳನ್ನು ಕೊಯ್ಯುವ ಮನಸ್ಸಿಲ್ಲದೆ ಚಪ್ಪರದಲ್ಲೇ ಬಲಿಯಲು ಬಿಟ್ಟಳು. ಮನೆ ತುಂಬ ಮೈ ಉಜ್ಜುವ ಹೀರೆ ನಾರು ಆಯಿತು.

ಈ ಮಾರ್ಚಿನಲ್ಲಿ ಸಂಧ್ಯಾರಾಣಿ ಕೂಸು ಎತ್ತಿಕೊಂಡು ವಾಪಸ್ ಬಂದಳು. ಬಂದ ದಿನವೇ ಗೋಡೆ ಹತ್ತಿರ ಬಂದು ಕೂಸನ್ನು ಎತ್ತಿ ತೋರಿಸಿದಳು. ಅವ್ವ ದೂರದಿಂದಲೇ ಕೂಸಿಗೆ ದೃಷ್ಟಿ ತೆಗೆದು ನೆಟಿಗೆ ಮುರಿದಳು. ಬಟ್ಟಲಿನ ಮಾತೆತ್ತಲಿಲ್ಲ. ಆ ಹುಡುಗಿಯೇ ಕೇಳಿದಳು.

“ಬಟ್ಟಲು ಬಂತಾ ಆಂಟಿ? ಅವತ್ತು ಹಿಟ್ಟಿನ ಡಬ್ಬದ ಹಿಂದೆ ಮುಚ್ಚಿಟ್ಟಿದ್ದೆ. ಮಾರನೇ ದಿನ ನೋಡಿದ್ರೆ ಅಲ್ಲಿ ಇರಲಿಲ್ಲ. ಯಾರೂ ಏನೂ ಕೇಳಲಿಲ್ಲ. ನಿಮಗೇ ಕೊಟ್ಟಿರಬೇಕು ಅಂದ್ಕೊಂಡೆ.”

ಅವ್ವ ಬಂತು ಅಂತ ತಲೆಯಾಡಿಸಿದಳು. ಒಳಗೆ ಬಂದು ಅಳುತ್ತಾ ಕೂತಳು. “ಎತ್ತಿ ಆಚೆ ಎಸೆದಿರ್ತಾರೆ ಬಿಡು” ಅಂದಳು. “ನಮ್ಮವ್ವ ಕೊಟ್ಟಿದ್ದು. ನನ್ನ ಹೆಸರು ಇತ್ತು ಅದರ ಮೇಲೆ.” ಅವಳು ಹಾಗೆ ಅತ್ತದ್ದನ್ನು ನಾನು ಹಿಂದೆ ನೋಡಿರಲಿಲ್ಲ. ನಾನು ಚಪ್ಪಲಿ ಮೆಟ್ಟಿಕೊಂಡು ಅವರ ಮನೆಗೆ ಹೊರಟೇಬಿಟ್ಟಿದ್ದೆ. ಅವ್ವ ಕಾಲು ಹಿಡಿದುಕೊಂಡು ನಿಲ್ಲಿಸಿದಳು.

ಎರಡು ದಿನದ ಮೇಲೆ ಭಾನುವಾರ ಮಧ್ಯಾಹ್ನ ಗೇಟು ಸದ್ದಾಯಿತು. ಸರ್ವಮಂಗಳಮ್ಮ. ಒಂಬತ್ತು ವರ್ಷದಲ್ಲಿ ಅವರು ರಸ್ತೆ ಸುತ್ತಿ ನಮ್ಮ ಬಾಗಿಲಿಗೆ ಬಂದದ್ದು ಅದೇ ಮೊದಲು. ಹೊಸ್ತಿಲ ಆಚೆ ನಿಂತು ಸೆರಗಿನ ಕೆಳಗಿನಿಂದ ಬಟ್ಟಲು ತೆಗೆದರು. ಅಂಚಿನವರೆಗೆ ಸಕ್ಕರೆ ತುಂಬಿತ್ತು.

“ಅಂತರಘಟ್ಟಮ್ಮ, ಇದು ನನ್ನ ಹತ್ರನೇ ಇತ್ತು.”

“ಇರ್ಲಿ ಬಿಡ್ರಿ ಅಕ್ಕಾರೆ, ಬಟ್ಟಲೇನು...”

“ಇರು, ಹೇಳ್ತೀನಿ. ಅವತ್ತು ಸಂಜೆ ಹಿಟ್ಟು ತೆಗೆಯಾಕೆ ಹೋದಾಗ ಡಬ್ಬದ ಹಿಂದೆ ಸಿಕ್ತು. ನಿನ್ನ ಹೆಸರು ನೋಡಿದೆ. ಸಿಟ್ಟು ಬಂತು. ಸಂಧ್ಯಾಳ ಮುಂದೆ ಹಿಡಿದು ಕೇಳ್ಬೇಕು ಅಂತ್ಲೇ ಎತ್ಕೊಂಡೆ. ಪಲ್ಯ ಅರ್ಧ ಹಂಗೇ ಇತ್ತು. ವಾಸನೆ ನೋಡಿದೆ. ಒಂದು ಬೆರಳು ನೆಕ್ಕಿದೆ.” ಅವರು ಸೆರಗಿನಿಂದ ಬಟ್ಟಲಿನ ಅಂಚು ಒರೆಸಿದರು. “ಆಮೇಲೆ ಅಲ್ಲೇ ಕತ್ತಲೇಲಿ ನಿಂತ್ಕೊಂಡು ಎಲ್ಲಾ ತಿಂದೆ. ಬಳಿದು ತಿಂದೆ.”

ಅವ್ವ ಬಾಯಿ ಮೇಲೆ ಸೆರಗು ಇಟ್ಟುಕೊಂಡಳು. ನನಗೆ ತಡೆಯಲಾಗಲಿಲ್ಲ. “ಮತ್ತೆ ಏಳು ತಿಂಗಳು ಯಾಕೆ ಇಟ್ಕೊಂಡ್ರಿ? ಇಲ್ಲಿ ನಮ್ಮವ್ವ ಪ್ರತಿದಿನ ಗೋಡೆ ನೋಡಿದಾಳೆ.”

“ನಾನೂ ನೋಡಿದೀನಿ ಮಗಾ, ಒಳಗಿಂದ. ಬರೀ ಬಟ್ಟಲು ಕೊಡಾಕೆ ಮನಸ್ಸು ಬರಲಿಲ್ಲ. ತುಂಬಿ ಕೊಟ್ರೆ ತಿಂದೆ ಅಂತ ಒಪ್ಕೊಂಡಂಗೆ. ಅದಕ್ಕೆ ಧೈರ್ಯ ಇರಲಿಲ್ಲ. ಮೊನ್ನೆ ಸಂಧ್ಯಾ ಕೇಳಿದಾಗ ನಿಮ್ಮವ್ವ ಬಂತು ಅಂತ ತಲೆಯಾಡಿಸಿದ್ದು ನೋಡಿದ ಮೇಲೆ ಇಟ್ಕೊಳ್ಳಾಕೆ ಆಗಲಿಲ್ಲ.”

ಅವ್ವ ಎರಡೂ ಕೈಯಲ್ಲಿ ಬಟ್ಟಲು ತೆಗೆದುಕೊಂಡಳು. “ಒಳಗೆ ಬರ್ರಿ ಅಕ್ಕಾರೆ. ಪಲ್ಯ ಮಾಡೀನಿ, ಬಿಸಿ ಐತೆ. ಬೇರೆ ಪಾತ್ರೆ, ನಿಮ್ಮದೇ ಪಾತ್ರೆ.”

ಸರ್ವಮಂಗಳಮ್ಮ ಒಂದು ಕಾಲು ಹೊಸ್ತಿಲ ಮೇಲೆ ಇಟ್ಟರು. ತಿರುಗಿ ರಸ್ತೆ ನೋಡಿದರು. ಕೊಟ್ರಬಸಪ್ಪನವರ ಸ್ಕೂಟರು ಅವರ ಮನೆ ಮುಂದೆ ನಿಂತಿತ್ತು. “ಇನ್ನೊಂದಿನ ಬರ್ತೀನಿ. ಕೂಸು ಎದ್ದಿರ್ತೈತೆ” ಅಂದು ಕಾಲು ಹಿಂದಕ್ಕೆ ತೆಗೆದರು.

ಅವರು ಹೋದ ಮೇಲೆ ನಾನು ಸಿಡಿದೆ. “ಒಂಬತ್ತು ವರ್ಷ ತರಕಾರಿ ಹೊತ್ತು ಹಾಕಿದ್ದಕ್ಕೆ ಒಂದು ಬಟ್ಟಲು ಸಕ್ಕರೆ. ಅದೂ ಸೆರಗಿನ ಕೆಳಗೆ ಮುಚ್ಚಿಕೊಂಡು!”

“ನನಗೂ ಕಣ್ಣೈತೆ ಕಣೆ” ಅಂದಳು ಅವ್ವ. ಆಮೇಲೆ ಒಂದು ಚಿಟಿಕೆ ಸಕ್ಕರೆ ನಾಲಿಗೆ ಮೇಲೆ ಇಟ್ಟುಕೊಂಡಳು. ಇನ್ನೊಂದು ಚಿಟಿಕೆ ನನ್ನ ಬಾಯಿಗೆ ಹಾಕಿದಳು.

ಮಾರನೇ ದಿನದಿಂದ ಹೀರೆಕಾಯಿ ಮತ್ತೆ ಗೋಡೆ ಮೇಲೆ ಹೋಗುತ್ತಿದೆ. ಬೇಸಿಗೆಯಲ್ಲೂ ಪಾತ್ರೆ ತೊಳೆದ ನೀರಿಗೆ ನಾಲ್ಕು ಬುಡ ಪುಂಡಿ ಉಳಿದಿವೆ. ಅದನ್ನು ಕೊಯ್ದು ಅವ್ವ ಆಗಾಗ ಪಲ್ಯ ಮಾಡುತ್ತಾಳೆ. ಇಲ್ಲದ ದಿನ ಬದನೆಯೋ ಬಸಳೆಯೋ. ಏನು ಮಾಡಿದರೂ ಹೆಸರಿನ ಬಟ್ಟಲಲ್ಲಿ ತುಂಬಿ, ಮೇಲೆ ತಟ್ಟೆ ಮುಚ್ಚಿ, ಅಡುಗೆಮನೆಯ ಗೋಡೆ ಪಕ್ಕ ಇಡುತ್ತಾಳೆ.

“ಈಗ ಕಾಂಪೌಂಡ್ ಮೇಲೆ ಇಟ್ರೆ ತಗೊಂಡು ಹೋಗ್ತಾರಲ್ಲವ್ವ” ಅಂದೆ.

“ತಗೊಂಡು ಹೋಗ್ತಾರೆ. ಗೊತ್ತು ನನಗೆ. ಇನ್ಮೇಲೆ ಕತ್ತಲೇಲಿ ನಿಂತು ತಿನ್ನೋದು ಬ್ಯಾಡ. ಬಂದು ಕುಂತು ಉಣ್ಣಲಿ.”

ಇದಾಗಿ ಹನ್ನೆರಡು ದಿನ ಆಯಿತು. ಆ ಬಟ್ಟಲಲ್ಲಿ ಉಳಿದದ್ದನ್ನು ಸಂಜೆ ಶಾಲೆಯಿಂದ ಬಂದು ನಾನೇ ತಿನ್ನುತ್ತೇನೆ. ನಿನ್ನೆ ರಜೆ. ಮಧ್ಯಾಹ್ನ ಊಟದ ಹೊತ್ತಿಗೆ ಗೇಟು ಸದ್ದಾಯಿತು. ಅವ್ವ ಒಲೆ ಮುಂದಿನಿಂದ ಏಳುವಷ್ಟರಲ್ಲಿ ನಾನು ಚಾಪೆ ಹಾಸಿ, ಬಟ್ಟಲಿನ ಮೇಲಿನ ತಟ್ಟೆ ತೆಗೆದು, ಬಾಗಿಲಿಗೆ ಓಡಿದ್ದೆ.

ಬಂದವನು ಅಪ್ಪ.